ಜಾತ್ರೆಯ ಐಸ್‌ಕ್ರೀಮ್ ಗಾಡಿಗಳ ಮೇಲೆ ನಿಗಾ ಇಡಬೇಕಾದವರು ಯಾರು?

ಪ್ರಶ್ನೆ: ಚಿಕ್ಕಮಗಳೂರಿನಿಂದ
ಕಳೆದ ತಿಂಗಳು ನಮ್ಮ ಭಾಗದ ಜಾತ್ರೆಯಲ್ಲಿ ಗಾಡಿಯೊಂದರಿಂದ ಕೊಂಡ ಕಪ್ ಐಸ್‌ಕ್ರೀಮ್ ತಿಂದ ನನ್ನ ಇಬ್ಬರು ಮಕ್ಕಳಿಗೂ ಅದೇ ರಾತ್ರಿ ವಾಂತಿ, ಭೇದಿ ಶುರುವಾಗಿ, ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಐಸ್‌ಕ್ರೀಮೇ ಕಾರಣವೆಂದು ನಾನು ಆಣೆ ಮಾಡಲಾರೆ. ಆದರೆ ಕಪ್ಪಿನ ಅಂಚಿನಲ್ಲಿ ಒರಟು ಹರಳುಗಳಿದ್ದವು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದಂತಿತ್ತು. ಸ್ಥಳೀಯ ಕಚೇರಿಯೊಂದರಲ್ಲಿ ವಿಚಾರಿಸಿದಾಗ ಇದು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದರು. ಹಾಗಾದರೆ ಯಾರ ವ್ಯಾಪ್ತಿ? ತಿನ್ನದೆ ಉಳಿದ ಒಂದು ಕಪ್ ಮನೆಯಲ್ಲಿದೆ. ಅದನ್ನು ಪರೀಕ್ಷೆಗೆ ಕೊಡಬಹುದೇ?

ಉತ್ತರ 1: ನಿವೃತ್ತ ಆರೋಗ್ಯ ನಿರೀಕ್ಷಕ
1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ನಮ್ಮಂಥವರನ್ನೇ ಕೇಳುತ್ತಿದ್ದರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್‌ನಲ್ಲಿ ಜಾರಿಯಾದ ಮೇಲೆ, ಮಾದರಿ ತೆಗೆಯುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗಳದ್ದು. ಅವರ ಮೇಲೆ ಜಿಲ್ಲೆಯಲ್ಲಿ ಅಂಕಿತ ಅಧಿಕಾರಿ ಇರುತ್ತಾರೆ. ಜಾತ್ರೆಯ ನೀರು, ಕಸ ಮಾತ್ರ ಈಗಲೂ ಸ್ಥಳೀಯ ಸಂಸ್ಥೆಯದೇ ಹೊಣೆ. ದೂರನ್ನು ಅಂಕಿತ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಪ್ಪಿನ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್, ದಿನಾಂಕ ಮತ್ತು ವೈದ್ಯರ ಚೀಟಿ ಜೊತೆಗಿರಲಿ.

ಕಾಯ್ದೆಯ 40ನೇ ಕಲಮಿನಂತೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗೂ ಉಂಟು, ದೋಷ ಕಂಡರೆ ಶುಲ್ಕ ಮರಳುತ್ತದೆ. ಆದರೆ ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು. ಆದ್ದರಿಂದ ನಿಮ್ಮ ಮನೆಯ ಕಪ್ಪು ಆ ದಾರಿಯಲ್ಲಿ ನಿಲ್ಲುವುದು ಕಷ್ಟ. ಆದರೂ ಎಸೆಯಬೇಡಿ, ಅಧಿಕಾರಿಗೆ ತೋರಿಸಿ. ಅವರೇ ಹೋಗಿ ತೆಗೆದ ಮಾದರಿಗೇ ಬಲ ಹೆಚ್ಚು, ಅದರ ವರದಿ 14 ದಿನಗಳಲ್ಲಿ ಬರಬೇಕೆಂಬುದು ಕಾನೂನು.

ಉತ್ತರ 2: ಹಾಸನ ಜಿಲ್ಲೆಯ ಹಾಲು ಸಂಘವೊಂದರ ಕಾರ್ಯದರ್ಶಿ
ಹಾಲಿನ ಕಡೆಯಿಂದ ಒಂದು ಮಾತು. ನಮ್ಮ ಸಂಘದಲ್ಲಿ ಬೆಳಗ್ಗೆ ನೋಡುವುದು ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ). ಅದು ನೀರು ಬೆರೆಸಿದ್ದನ್ನು ಹಿಡಿಯುತ್ತದೆಯೇ ಹೊರತು ರೋಗಾಣುವನ್ನಲ್ಲ. ಅದಕ್ಕೇ ಹಾಲು ಬೇಗನೆ 4 ಡಿಗ್ರಿಗೆ ತಣಿಯಬೇಕು, ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಆಗಬೇಕು. ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುತ್ತದೆ ಎಂದು ಓದಿದವರೂ ನಂಬಿದ್ದಾರೆ. ಅದು ತಪ್ಪು: ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಕರಗಿದ ಗಂಟೆಗಳಲ್ಲಿ ಕೈಯಿಂದ, ಚಮಚ ಅದ್ದಿಡುವ ನೀರಿನಿಂದ ಸೇರಿದ್ದು ಬೆಳೆಯುತ್ತದೆ. ಸ್ಟಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷವಂತೂ ಮತ್ತೆ ಕುದಿಸಿದರೂ ಹೋಗದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಅಂಗಡಿಯ ಫ್ರೀಜರ್ ಅರ್ಧ ದಿನ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಕಾರ್ಖಾನೆ ಎಷ್ಟೇ ಶುದ್ಧವಿದ್ದರೂ ಮೈನಸ್ 18 ಡಿಗ್ರಿ ಕೊನೆಯ ಗಾಡಿಯವರೆಗೆ ಉಳಿಯದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಾಸನಾಂಬೆಯ ದರ್ಶನದ ದಿನಗಳಂಥ ಜನಸಂದಣಿಯಲ್ಲಿ ತಪಾಸಣೆ ಬೇಕಿರುವುದು ಆ ಗಾಡಿಯ ಹತ್ತಿರ, ಕೈಯಲ್ಲೊಂದು ಥರ್ಮಾಮೀಟರ್ ಹಿಡಿದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಕಪ್ಪನ್ನು ಈಗ ನೋಡಿದೆ: ಪರವಾನಗಿ ಸಂಖ್ಯೆ ಇದೆ, ಬ್ಯಾಚ್ ಸಂಖ್ಯೆ ಅಳಿಸಿದೆ, ‘ಫ್ರೋಜನ್ ಡೆಸರ್ಟ್’ ಎಂದು ಸಣ್ಣಕ್ಷರದಲ್ಲಿದೆ. ಅಂದರೆ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದ್ದನ್ನು ಐಸ್‌ಕ್ರೀಮ್ ಎಂದೇ ಕೂಗಿ ಮಾರಿದ್ದಾರೆ. ಸೋಮವಾರ ದೂರು ಕೊಡುವಾಗ ಇದನ್ನೂ ಬರೆಯುತ್ತೇನೆ.