1917ರ ಒಂದು ರೂಪಾಯಿ ನೋಟು: ಎಡಗಡೆ ಅಂಚು ಕತ್ತರಿಸಬಹುದಾ?

ಟ್ರಂಕಿನ ಮೊಮ್ಮಗಳು:
ಅಜ್ಜಿಯ ಟ್ರಂಕು ಖಾಲಿ ಮಾಡುವಾಗ ಹಳೇ ಪಂಚಾಂಗದೊಳಗೆ ಒಂದು ರೂಪಾಯಿ ನೋಟು ಸಿಕ್ಕಿತು. ಮುಂದೆ ಐದನೇ ಜಾರ್ಜ್ ಇರುವ ಬೆಳ್ಳಿ ರೂಪಾಯಿಯ ಚಿತ್ರ. ಹಿಂದೆ ಅದೇ ನಾಣ್ಯದ ಇನ್ನೊಂದು ಮಗ್ಗುಲು, 1917 ಅಂತ ಇದೆ. ನಡುವೆ ಒಂದು ಮಡಿಕೆ, ಗುಂಡುಸೂಜಿಯ ತುಕ್ಕಿನ ತೂತು. ಅದು ಹೋಗಲಿ, ಎಡಗಡೆ ಅಂಚು ಮಾತ್ರ ಇಲಿ ಕಡಿದ ಹಾಗೆ ಹಲ್ಲುಹಲ್ಲಾಗಿದೆ. ಉಳಿದ ಮೂರು ಕಡೆ ನೇರ. ತಮ್ಮ ಕತ್ತರಿ ಹಿಡಿದು ನಿಂತಿದ್ದಾನೆ, ನೀಟಾಗಿ ಕತ್ತರಿಸಿ ಲ್ಯಾಮಿನೇಷನ್ ಮಾಡಿಸೋಣ ಅಂತ. ಮಾಡಬಹುದಾ?

ಹಳೇ ಕಾಗದ:
ಅಯ್ಯೋ, ಮೊದಲು ಕತ್ತರಿ ಕಿತ್ತುಕೊಳ್ಳಿ! ಇಲಿ ಅಷ್ಟು ಅಳತೆಯಾಗಿ ಕಡಿಯುತ್ತಾ ಮೇಡಂ? ಆ ನೋಟುಗಳನ್ನು 25ರ ಪುಸ್ತಕ ಮಾಡಿ ಕೊಡುತ್ತಿದ್ದರು. ರಸೀದಿ ಹರಿದ ಹಾಗೆ ಒಂದೊಂದೇ ಹರಿದು ಖರ್ಚು ಮಾಡುವುದು. ನಿಮ್ಮ ಹಲ್ಲು ಅಲ್ಲಿಂದ ಬಂದದ್ದು. ಅದನ್ನು ಕತ್ತರಿಸಿದರೆ ನೋಟು ಎಲ್ಲಿಂದ ಬಂತು ಅನ್ನುವ ಗುರುತೇ ಹೋಯಿತು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1917ರ ನವೆಂಬರ್ 30ರಂದು ಈ ನೋಟು ಬಂತು. ಮರುವರ್ಷ ಎರಡು ರೂಪಾಯಿ ಎಂಟಾಣೆ ನೋಟೂ ಬಂತು, ಅದು ಸಿಕ್ಕಿದ್ದರೆ ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು. ಖರ್ಚು ಜಾಸ್ತಿ ಅಂತ 1926ರಲ್ಲಿ ಎರಡನ್ನೂ ನಿಲ್ಲಿಸಿದರು. ನೋಟಿನ ಮೇಲೆ ಆಗಿನ ಬ್ರಿಟಿಷ್ ಸರ್ಕಾರದ ಹಣಕಾಸು ಅಧಿಕಾರಿಗಳಲ್ಲಿ ಯಾರ ಸಹಿ ಇದೆ ನೋಡಿ: ಗಬ್ಬೇ, ಮೆಕ್‌ವಾಟರ್ಸ್, ಡೆನ್ನಿಂಗ್? ಮೂವರ ನೋಟಿನಲ್ಲೂ ವರ್ಷ 1917 ಅಂತಲೇ ಇರುತ್ತದೆ, ಬೆಲೆ ಮಾತ್ರ ಸಹಿ ನೋಡಿ ಬದಲಾಗುತ್ತದೆ.

ಇಸ್ತ್ರಿ ಪೆಟ್ಟಿಗೆ:
ನನ್ನ ಪೆದ್ದುತನ ಹೇಳ್ತೀನಿ, ನಗಬೇಡಿ. ಐದನೇ ಜಾರ್ಜ್‌ನ ಹತ್ತು ರೂಪಾಯಿ ನೋಟಿಗೆ ಮಡಿಕೆ ಹೋಗಲಿ ಅಂತ ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ. ಮಡಿಕೆ ಹೋಯಿತು. ಬೆರಳಿಗೆ ಸಿಗುತ್ತಿದ್ದ ಅಚ್ಚಿನ ಉಬ್ಬೂ ಹೋಯಿತು. ಕೊಳ್ಳಲು ಬಂದವರು ದೀಪಕ್ಕೆ ಓರೆ ಹಿಡಿದು ನೋಡಿ, "ಇಸ್ತ್ರಿ ಮಾಡಿದೀರಲ್ಲ" ಅಂದು ವಾಪಸ್ ಕೊಟ್ಟರು. ತುಕ್ಕಿನ ತೂತು ಇದ್ದ ಹಾಗೇ ಇರಲಿ. ಲ್ಯಾಮಿನೇಷನ್, ಸೆಲೋಟೇಪು ಎರಡೂ ಬೇಡ. ಮೈಲಾರ್ ಅನ್ನುವ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ಹಾಕಿಡಿ, ಮಾಮೂಲಿ ಪಿವಿಸಿ ಕವರು ವರ್ಷ ಕಳೆದಂತೆ ಅಂಟಿಕೊಳ್ಳುತ್ತದೆ.

ಟ್ರಂಕಿನ ಮೊಮ್ಮಗಳು:
ಸುಮ್ನೆ ಫೋಟೋ ಹಾಕಿದ್ದಕ್ಕೆ ಒಬ್ಬರು ಫೋನ್ ಮಾಡಿ ಹತ್ತು ಲಕ್ಷ ಕೊಡ್ತೀನಿ ಅಂದರು. ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ.

ಹಳೇ ಕಾಗದ:
ಕಟ್ಟಬೇಡಿ. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ತೋರಿಸಿ ಕಮಿಷನ್ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳುವುದಲ್ಲ, ಅಲ್ವಾ? ಬೆಂಗಳೂರಿಗೆ ಬಂದರೆ ಬ್ರಂಟನ್ ರಸ್ತೆಯಲ್ಲಿ ನೋಟುಗಳದ್ದೇ ಒಂದು ಮ್ಯೂಸಿಯಂ ಇದೆ, ಹೋಗಿ ನೋಡಿ.

ಟ್ರಂಕಿನ ಮೊಮ್ಮಗಳು:
ನಂಬರ್ ಬ್ಲಾಕ್ ಮಾಡಿದೆ. ಭೂತಗನ್ನಡಿ ಹಿಡಿದು ನೋಡಿದೆ, ಸಹಿ ಮೆಕ್‌ವಾಟರ್ಸ್. ತಮ್ಮ ಈಗ ಕತ್ತರಿ ಬಿಟ್ಟು ಉಳಿದ ಪಂಚಾಂಗಗಳ ಹಾಳೆ ತಿರುವುತ್ತಾ ಕೂತಿದ್ದಾನೆ.