ಪದಚರ್ಚೆ: ಮೈಕ್ರೋಸ್ಕೋಪಿನಲ್ಲಿ ‘ಸ್ಪಷ್ಟ’ ಅಂದರೆ ಯಾವ ಸ್ಪಷ್ಟ?

ಎಲ್ಲರಿಗೂ ನಮಸ್ಕಾರ,

ಕಾಲೇಜು ಮಕ್ಕಳಿಗಾಗಿ ಮೈಕ್ರೋಸ್ಕೋಪ್ ಬಳಕೆಯ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ಸ್ಪಷ್ಟ’ ಅನ್ನುವ ಪದ ಕಾಲಿಗೆ ತೊಡರಿದೆ. ರೆಸಲ್ಯೂಷನ್‌ಗೂ (ಹತ್ತಿರದ ಎರಡು ಚುಕ್ಕಿ ಬೇರೆಬೇರೆ ಕಾಣುವುದು) ಅದೇ, ಕಾಂಟ್ರಾಸ್ಟ್‌ಗೂ (ವಸ್ತು ಹಿನ್ನೆಲೆಯಿಂದ ಎದ್ದು ಕಾಣುವುದು) ಅದೇ. ಬೆಳಕಿನ ವಿಷಯಕ್ಕೆ ಬಂದರೆ ಇವೆರಡೂ ಒಂದನ್ನೊಂದು ಎಳೆದಾಡುತ್ತವೆ, ಅದೇ ತೊಂದರೆ.

ಮೊದಲ ಕರಡಿನಲ್ಲಿ ‘ಬೆಳಕು ಜಾಸ್ತಿಯಿದ್ದರೆ ಕಡಿಮೆ ಮಾಡಿ, ಚಿತ್ರ ಸ್ಪಷ್ಟವಾಗುತ್ತದೆ’ ಅಂತ ಬರೆದಿದ್ದೆ. ಅದನ್ನು ಓದಿದ ಹುಡುಗಿ ಬಲ್ಬಿನ ಗುಂಡಿ ಮುಟ್ಟಲೇ ಇಲ್ಲ, ಕಂಡೆನ್ಸರಿನ (ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಲೆನ್ಸು) ಡಯಾಫ್ರಮ್, ಅಂದರೆ ಬೆಳಕಿನ ದಾರಿಯನ್ನು ಹಿರಿದು ಕಿರಿದು ಮಾಡುವ ಕಿಂಡಿ, ಮುಚ್ಚಿದಳು. ಸ್ಲೈಡಿನಲ್ಲಿದ್ದದ್ದು ಪ್ಲ್ಯೂರೋಸಿಗ್ಮಾ ಅನ್ನುವ ಡಯಾಟಮ್, ಅಂದರೆ ಗಾಜಿನಂಥ ಚಿಪ್ಪಿರುವ ಒಂದು ಸೂಕ್ಷ್ಮ ಪಾಚಿ. ಅದರ ಚಿಪ್ಪಿನ ಮೇಲೆ ಸುಮಾರು 0.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಂತರದಲ್ಲಿ ಚುಕ್ಕಿಗಳ ಸಾಲು ಇರುತ್ತದೆ, ಲೆನ್ಸಿನ ಯೋಗ್ಯತೆ ನೋಡಲು ಹಿಂದಿನಿಂದಲೂ ಬಳಸುತ್ತಾರೆ. ಮುಚ್ಚಿದ ಕೂಡಲೇ ಚಿಪ್ಪಿನ ಅಂಚು ಕಪ್ಪಗೆ ಎದ್ದು ಕಂಡಿತು, ಚುಕ್ಕಿಗಳು ಮಾಯ. ‘ಈಗ ಸ್ಪಷ್ಟವಾಯ್ತು ಸರ್’ ಅಂದಳು! ತಪ್ಪು ಅವಳದಲ್ಲ, ನನ್ನ ವಾಕ್ಯದ್ದು.

ಗುಂಡಿ ತಿರುಗಿಸಿದರೆ ಬೆಳಕಿನ ಪ್ರಮಾಣ ಮಾತ್ರ ಇಳಿಯುತ್ತದೆ. ಡಯಾಫ್ರಮ್ ಮುಚ್ಚಿದರೆ ಓರೆಯಾಗಿ ಬರುವ ಕಿರಣಗಳೇ ನಿಂತುಹೋಗುತ್ತವೆ, ಸಣ್ಣ ವಿವರ ಬಿಡಿಸಿ ತೋರಿಸಲು ಅವೇ ಬೇಕು. ನ್ಯೂಮರಿಕಲ್ ಅಪರ್ಚರ್ (ಲೆನ್ಸು ಎಷ್ಟು ಓರೆಯ ಕಿರಣಗಳವರೆಗೆ ಹಿಡಿಯಬಲ್ಲದು ಅನ್ನುವ ಅಳತೆ) 0.65 ಇರುವ ಲೆನ್ಸು, ಹಸಿರು ಬೆಳಕು ಅಂತ ಇಟ್ಟುಕೊಳ್ಳಿ. ಕಂಡೆನ್ಸರನ್ನೂ 0.65ರವರೆಗೆ ತೆರೆದರೆ ಸುಮಾರು 0.5 ಮೈಕ್ರಾನ್ ದೂರದ ಎರಡು ಚುಕ್ಕಿ ಬೇರೆಬೇರೆ ಕಾಣುತ್ತವೆ, 0.2ಕ್ಕೆ ಇಳಿಸಿದರೆ ಆ ಮಿತಿ 0.8 ಮೈಕ್ರಾನಿಗೆ ಹೋಗುತ್ತದೆ. ಪೂರ್ತಿ ತೆರೆದರೆ ಬಣ್ಣ ಹಾಕದ ಜೀವಕೋಶ ಸುಮ್ನೆ ಮಂಕಾಗಿ ಕಾಣುತ್ತದೆ ಅನ್ನುವುದೂ ನಿಜ, ಅದಕ್ಕೇ ಮುಕ್ಕಾಲು ಭಾಗ ತೆರೆದಿಡುವ ರೂಢಿ.

ಆಡುಮಾತಿನಲ್ಲಿ ಈ ವ್ಯತ್ಯಾಸ ಆಗಲೇ ಇದೆ ಅಲ್ವಾ? ದೂರದ ಕಾರಿನ ಎರಡು ದೀಪ ಒಂದೇ ಆಗಿ ಕಾಣುತ್ತವೆ, ಹತ್ತಿರ ಬಂದಾಗ ‘ಬಿಡಿಬಿಡಿಯಾಗಿ’ ಕಾಣುತ್ತವೆ. ಕಪ್ಪು ಹಲಗೆಯ ಮೇಲೆ ಸುಣ್ಣದ ಗೆರೆ ‘ಎದ್ದು’ ಕಾಣುತ್ತದೆ. ಕ್ರಿಯಾಪದವಾಗಿ ಇವು ಸೊಗಸು, ನಾಮಪದ ಮಾಡಲು ಹೋದರೆ ಎಡವಟ್ಟು. ‘ಬಿಡಿಗಾಣ್ಕೆ’ ಅಂತ ಕಟ್ಟಿ ನೋಡಿದೆ, ನನಗೇ ನಗು ಬಂತು.

ಡಯಾಫ್ರಮ್ಮಿಗೆ ‘ವಪೆ’ ಅನ್ನಬಹುದೇ ಅಂತ ಒಬ್ಬರು ಕೇಳಿದರು. ಅದು ಎದೆ ಮತ್ತು ಹೊಟ್ಟೆಯ ನಡುವಿನ ಪೊರೆ, ಬೇಡ ಮಾರಾಯ್ರೆ! ‘ಬೆಳಕಿಂಡಿ’ ಹೇಗೆ? ತೆರೆಯುವುದು, ಮುಚ್ಚುವುದು ಎರಡಕ್ಕೂ ಹೊಂದುತ್ತದೆ. ಆದರೆ ಮನೆಯ ಗವಾಕ್ಷಿ ನೆನಪಾಗುತ್ತದೆಯೋ ಏನೋ.

ರೆಸಲ್ಯೂಷನ್, ಕಾಂಟ್ರಾಸ್ಟ್ ಎರಡಕ್ಕೂ ನಿಮ್ಮ ಕಡೆ ತರಗತಿಯಲ್ಲಿ ಬಾಯಿಗೆ ಬರುವ ಪದ ಯಾವುದು? ನಿಘಂಟಿನದ್ದು ಬೇಡ, ಬಳಕೆಯಲ್ಲಿರುವುದು ಹೇಳಿ.