ಸೋರಿಯಾಸಿಸ್ ಅದೇ ಜಾಗಕ್ಕೆ ಯಾಕೆ ಮರಳುತ್ತೆ?

ಪ್ರಶ್ನೆ: ನನ್ನ ಎಡ ಮೊಣಕೈ ಮೇಲಿನ ಸೋರಿಯಾಸಿಸ್ ಮಚ್ಚೆ (ಚರ್ಮ ಕೆಂಪಾಗಿ ಹೊಟ್ಟೇಳುವ ಜಾಗ) ಮುಲಾಮಿಗೆ ಗುರುತೇ ಇಲ್ಲದಂತೆ ಹೋಗುತ್ತೆ. ಹಚ್ಚೋದು ನಿಲ್ಲಿಸಿದರೆ ಅದೇ ಜಾಗ, ಹೆಚ್ಚುಕಮ್ಮಿ ಅದೇ ಆಕಾರ. ಯಾಕೆ?

ಉತ್ತರ: ಹಿಂದೆ ಎದುರಿಸಿದ್ದನ್ನು ನೆನಪಿಟ್ಟುಕೊಳ್ಳುವ ರೋಗನಿರೋಧಕ ಕೋಶಗಳಿವೆ, ಅವೇ ನೆನಪಿನ ಟಿ ಕೋಶಗಳು. ಅವುಗಳಲ್ಲಿ ಕೆಲವು ರಕ್ತದಲ್ಲಿ ಓಡಾಡೋದೇ ಇಲ್ಲ, ಚರ್ಮದಲ್ಲೇ ಬೀಡುಬಿಡುತ್ತವೆ. ಮಚ್ಚೆ ಮಾಯವಾದರೂ ಅಲ್ಲೇ ಉಳಿದು, ಐಎಲ್-17 ಎಂಬ ಸಂಕೇತ ಪ್ರೋಟೀನ್ ಸ್ರವಿಸಿ ಉರಿಯೂತ ಮತ್ತೆ ಹೊತ್ತಿಸುತ್ತವೆ. ಐಎಲ್-17 ಅಥವಾ ಅಂಥದ್ದೇ ಇನ್ನೊಂದು ಸಂಕೇತ ಐಎಲ್-23 ಅನ್ನು ತಡೆಯುವ ಚುಚ್ಚುಮದ್ದುಗಳಿವೆ, ಚರ್ಮದ ಡಾಕ್ಟರನ್ನು ಕೇಳಿ.

ಇನ್ನೊಬ್ಬರು: ಆ ಕೋಶಗಳನ್ನೇ ಪೂರ್ತಿ ಕೊಂದುಬಿಡಬಾರದಾ?

ಉತ್ತರ: ಸಾರಾಸಗಟಾಗಿ ಬೇಡ ಸರ್. ದಡಾರ ವೈರಸ್ ಮಾಡೋದು ಅದನ್ನೇ. ನೆನಪಿನ ಕೋಶಗಳು ಅಳಿದು, ಮಗು ಮೊದಲೇ ಗೆದ್ದಿದ್ದ ಸೋಂಕುಗಳಿಗೂ ಮತ್ತೆ ಈಡಾಗುತ್ತೆ. ತಪ್ಪು ನೆನಪನ್ನಷ್ಟೇ ಆರಿಸಿ ತೆಗೆಯೋದು ನಿಜವಾದ ಸವಾಲು. ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ದಾಳಿ ಮಾಡುವ ಲೂಪಸ್ ರೋಗದಲ್ಲಿ ಆಸೆ ಹುಟ್ಟಿದೆ: 2022ರಲ್ಲಿ ಜರ್ಮನಿಯ ಎರ್ಲಾಂಗೆನ್ ವೈದ್ಯರು 5 ರೋಗಿಗಳ ಬಿ ಕೋಶಗಳನ್ನು (ಪ್ರತಿಕಾಯ ತಯಾರಿಸುವ ಕೋಶಗಳು) ಕಾರ್-ಟಿ ಚಿಕಿತ್ಸೆಯಿಂದ, ಅಂದರೆ ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ವಾಪಸ್ ಕೊಡುವ ವಿಧಾನದಿಂದ, ಅಳಿಸಿದ್ದನ್ನು ವರದಿ ಮಾಡಿದರು. ಮತ್ತೆ ಹುಟ್ಟಿದ ಬಿ ಕೋಶಗಳು ಬಹುಪಾಲು ಹೊಸವು, ಐವರಿಗೂ ರೋಗ ಶಮನವಾಗಿತ್ತು!